ಹಚ್ಚದ ದೀಪದ ಎಣ್ಣೆ

ಮೊದಲೇ ಕ್ಷಮೆ ಕೇಳುತ್ತೇನೆ. ನಾನು ಅಡುಗೆ ಮಾಡುವವನು, ಬರೆಯುವವನಲ್ಲ. ಇಂಥ ಕಥೆಗಳನ್ನು ಚಿಕ್ಕದಾಗಿ ಹೇಳಬೇಕಂತೆ. ಗುರು ಆಡಿದ ಮಾತನ್ನು ಹೇಳಿ ಸುಮ್ಮನಾಗಬೇಕಂತೆ. ನನಗೆ ಸುಮ್ಮನಾಗಲು ಬರುವುದಿಲ್ಲ. ಓದುವವರಿಗೆ ಎಲ್ಲಿ ತಿಳಿಯಲಿಲ್ಲವೋ ಎಂಬ ಭಯಕ್ಕೆ ಇನ್ನೊಂದು ಸಾಲು ಸೇರಿಸಿಬಿಡುತ್ತೇನೆ. ಸೈರಿಸಿಕೊಳ್ಳಿ.

ಹೊಳೆಯ ದಂಡೆಯಲ್ಲಿ ಒಂದು ಮನೆ ಇದೆ. ಹಿಂದೆ ಅದರಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಈಗ ನಾವಿದ್ದೇವೆ.

ನಾವು ಎಂದರೆ ಯಾರು ಎಂದು ಹೇಳಬೇಕು. ನಾವು ಕಥೋಲಿಕರು. ಮದುವೆಯಾಗದೆ, ಸ್ವಂತಕ್ಕೆ ಏನೂ ಇಟ್ಟುಕೊಳ್ಳದೆ, ಹಳೆಯ ಕ್ರಮದಂತೆ ದಿನಕ್ಕೆ ಏಳು ಸಲ ಲ್ಯಾಟಿನ್ನಿನಲ್ಲಿ ಪ್ರಾರ್ಥನೆ ಹೇಳಿಕೊಂಡು ಒಟ್ಟಿಗೆ ಬದುಕುವವರು.

ಆದರೆ ನಮ್ಮನ್ನು ಸನ್ಯಾಸಿಗಳು ಎನ್ನುವಂತಿಲ್ಲ. ಹಾಗೆ ಅನ್ನಬೇಕಾದರೆ ಧರ್ಮಸಭೆ ನಮ್ಮನ್ನು ಒಪ್ಪಿಕೊಳ್ಳಬೇಕು, ಬಿಷಪ್ಪರ ಸಹಿಯಿರುವ ಪತ್ರ ಬರಬೇಕು. ಪತ್ರ ಬರುವ ತನಕ ನಾವು ಒಂದೇ ಮನೆಯಲ್ಲಿರುವ ಗಂಡಸರು, ಅಷ್ಟೇ.

ಅರ್ಜಿ ಹಾಕಿ ಹದಿಮೂರು ವರ್ಷವಾಗಿತ್ತು. ಒಂದು ಕಾಲದಲ್ಲಿ ಏಳು ಜನ ಇದ್ದೆವು. ಮೂವರು ಕಾದು ಸಾಕಾಗಿ ಬಿಟ್ಟುಹೋದರು. ಅವರಲ್ಲಿ ಒಬ್ಬ ನನ್ನ ಒಳ್ಳೆಯ ಬಾಣಲೆಯನ್ನೂ ತೆಗೆದುಕೊಂಡು ಹೋದ. ಇದು ಕಥೆಗೆ ಬೇಡದ ಮಾತು. ಆದರೂ ಹೇಳಿದೆ.

ಉಳಿದ ನಾಲ್ವರಲ್ಲಿ ಹಿರಿಯರು ಇನ್ನಾಸಪ್ಪನವರು. ನಾವು ಅವರನ್ನು ದೊಡ್ಡಣ್ಣ ಎನ್ನುತ್ತೇವೆ. ಈ ಕಥೆಯ ಗುರು ಅವರೇ. ಶಿಷ್ಯ ಸಗಾಯರಾಜ. ಪಂಕ್ಚರ್ ಅಂಗಡಿಯ ಕೆಲಸ ಬಿಟ್ಟು ಬಂದವನು, ಆಗ ಇಪ್ಪತ್ತಾರು ವರ್ಷ. ಮೂರನೆಯವರು ರಾಯಪ್ಪಣ್ಣ, ದೊಡ್ಡಣ್ಣನ ಬಾಲ್ಯದ ಗೆಳೆಯರು. ಸಗಾಯನಿಗೆ ಲ್ಯಾಟಿನ್ ಪ್ರಾರ್ಥನೆಗಳನ್ನು ಬಾಯಿಪಾಠ ಮಾಡಿಸಿದವರು ಅವರು. ನಾಲ್ಕನೆಯವನು ನಾನು, ಚೌರಪ್ಪ.

ದೊಡ್ಡಣ್ಣ ಊರೊಳಗೆ ಹೋದರೆ ಟೀ ಅಂಗಡಿಯವನು ತಪ್ಪದೆ ಕೇಳುತ್ತಿದ್ದ.

“ಏನ್ ಸ್ವಾಮಿ, ಲೈಸನ್ಸ್ ಬಂತಾ?”

“ಇನ್ನೂ ಇಲ್ಲಪ್ಪ. ಬಂದ ದಿನ ನಿನ್ನ ಅಂಗಡಿ ಟೀ ಕುಡೀತೀನಿ.”

“ಹಂಗಾದ್ರೆ ನನ್ನ ಮೊಮ್ಮಗ ಕಾಸಿಕೊಡ್ತಾನೆ ಬಿಡಿ.”

ದೊಡ್ಡಣ್ಣನೂ ನಗುತ್ತಿದ್ದರು.

ಈಗ ದೀಪದ ವಿಷಯ. ಇದು ತಿಳಿಯದಿದ್ದರೆ ಮುಂದಿನದು ಏನೂ ತಿಳಿಯುವುದಿಲ್ಲ.

ನಮ್ಮ ದೇವಾಲಯಗಳಲ್ಲಿ ಪೀಠದ ಹತ್ತಿರ ಒಂದು ಸಣ್ಣ ಪೆಟ್ಟಿಗೆ ಇರುತ್ತದೆ. ಪೂಜೆಯಲ್ಲಿ ಮಂತ್ರಿಸಿದ ರೊಟ್ಟಿಯನ್ನು, ಅಂದರೆ ಪರಮಪ್ರಸಾದವನ್ನು, ಅದರಲ್ಲಿ ಇಡುತ್ತಾರೆ. ಅದರಲ್ಲಿ ಯೇಸುಸ್ವಾಮಿಯೇ ಇದ್ದಾರೆ ಎಂಬುದು ನಮ್ಮ ನಂಬಿಕೆ. ಅವರು ಒಳಗಿರುವಷ್ಟು ಕಾಲ ಪಕ್ಕದಲ್ಲಿ ಕೆಂಪು ಗಾಜಿನ ದೀಪ ಉರಿಯಬೇಕು. ದೀಪ ಉರಿಯುತ್ತಿದ್ದರೆ ಜನ ಮೊಣಕಾಲೂರುತ್ತಾರೆ. ದೀಪ ಇಲ್ಲದಿದ್ದರೆ ಒಳಗೆ ಯಾರೂ ಇಲ್ಲ ಎಂದು ಅರ್ಥ.

ಬಿಷಪ್ಪರ ಅನುಮತಿ ಇಲ್ಲದ ಮನೆಯಲ್ಲಿ ಪರಮಪ್ರಸಾದ ಇಡುವ ಹಾಗಿಲ್ಲ. ನಮಗೆ ಅನುಮತಿ ಇರಲಿಲ್ಲ. ಪತ್ರದ ಜೊತೆಗೇ ಅದೂ ಬರಬೇಕಿತ್ತು.

ಆದರೂ ಪ್ರಾರ್ಥನೆಯ ಕೋಣೆಯಲ್ಲಿ ದೊಡ್ಡಣ್ಣ ಹಲಸಿನ ಮರದ ಪೆಟ್ಟಿಗೆ ಮಾಡಿಸಿ ಇಟ್ಟಿದ್ದರು. ಪಕ್ಕದಲ್ಲಿ ಕೆಂಪು ಗಾಜಿನ ದೀಪ. ದಿನಾ ಬೆಳಗ್ಗೆ ಗಾಜು ಒರೆಸಬೇಕು, ಬತ್ತಿಯ ತುದಿ ಕತ್ತರಿಸಬೇಕು, ಎಣ್ಣೆ ನೋಡಬೇಕು. ಹಚ್ಚಬಾರದು. ಹಚ್ಚದೆ ನಿಂತ ಕೊಬ್ಬರಿ ಎಣ್ಣೆ ವಾರದಲ್ಲಿ ಧೂಳು ಹಿಡಿದು ಕಮಟಾಗುತ್ತದೆ. ಅದಕ್ಕೆ ಪ್ರತಿ ಶನಿವಾರ ಹಳೆಯದನ್ನು ತೆಗೆದು ಹೊಸದು ಹಾಕಬೇಕು. ಇದು ಸಗಾಯನ ಕೆಲಸ.

ಬಂದ ಮೊದಲ ವಾರವೇ ಅವನು ಕೇಳಿದ್ದ.

“ದೊಡ್ಡಣ್ಣ, ಖಾಲಿ ಪೆಟ್ಟಿಗೆಗೆ ಇಷ್ಟೆಲ್ಲ ಯಾಕೆ?”

ದೊಡ್ಡಣ್ಣ ಪೆಟ್ಟಿಗೆಯ ಬಾಗಿಲು ತೆರೆದು ಒಳಗೆ ಬೆರಳಾಡಿಸಿದರು. ಬೆರಳನ್ನು ಅವನ ಕಣ್ಣಿನ ಮುಂದೆ ಹಿಡಿದರು.

“ಖಾಲಿ ಅಂತೀಯ. ಧೂಳಿದೆ. ಒರೆಸು.”

ಸಗಾಯ ಒರೆಸಿದ.

ತೆಗೆದ ಹಳೇ ಎಣ್ಣೆಯನ್ನು ಚೆಲ್ಲುತ್ತಿರಲಿಲ್ಲ. ಶನಿವಾರ ಸಂಜೆ ಸಗಾಯ ಅದನ್ನು ಬೆಚ್ಚಗೆ ಮಾಡಿಕೊಂಡು ರಾಯಪ್ಪಣ್ಣನ ಕಾಲಿಗೆ ತಿಕ್ಕುತ್ತಿದ್ದ. ರಾಯಪ್ಪಣ್ಣನ ಕಾಲು ಊದಿತ್ತು. ಬೆರಳಲ್ಲಿ ಒತ್ತಿದರೆ ಗುಳಿ ಬಿದ್ದು ಹಾಗೆಯೇ ನಿಲ್ಲುತ್ತಿತ್ತು. ಹೃದಯಕ್ಕೆ ಶಕ್ತಿ ಇಲ್ಲ, ಇನ್ನು ಮಾಡುವುದೇನೂ ಇಲ್ಲ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಪ್ರಾರ್ಥನೆಯ ಕೋಣೆಗೆ ಎದುರಾಗಿ ಜಗಲಿಯ ಮೇಲೆ ಅವರ ಮಂಚ. ಮಲಗಿದಲ್ಲಿಂದಲೇ ಪೆಟ್ಟಿಗೆ ಕಾಣುತ್ತಿತ್ತು, ದೀಪ ಕಾಣುತ್ತಿತ್ತು.

ದಿನಾ ಪೋಸ್ಟಿನವನು ಹಾದುಹೋದ ಮೇಲೆ ಅವರು ಕೇಳುವರು.

“ಬಂತಾ?”

“ಇಲ್ಲಣ್ಣ,” ಎನ್ನುವನು ಸಗಾಯ.

“ಬರುತ್ತೆ. ದಾರಿ ದೂರ.”

ಬಿಷಪ್ಪರ ಮನೆ ನಮ್ಮ ಊರಿನಿಂದ ಬಸ್ಸಿನಲ್ಲಿ ಎರಡು ಗಂಟೆ.

ಒಂದು ದಿನ ನಿಜವಾಗಿಯೂ ಪತ್ರ ಬಂತು. ಒಪ್ಪಿಗೆಯ ಪತ್ರವಲ್ಲ. ಬಿಷಪ್ಪರ ಮನೆಯಿಂದ ಒಬ್ಬ ಫಾದರ್ ಬಂದು ಮನೆ ನೋಡುತ್ತಾರೆ, ನಮ್ಮನ್ನು ಮಾತಾಡಿಸುತ್ತಾರೆ, ಅವರು ಕೊಡುವ ವರದಿಯ ಮೇಲೆ ತೀರ್ಮಾನ ಆಗುತ್ತದೆ ಎಂದಿತ್ತು. ಹದಿಮೂರು ವರ್ಷದಲ್ಲಿ ಅಷ್ಟು ಹತ್ತಿರ ಯಾವುದೂ ಬಂದಿರಲಿಲ್ಲ. ಸಗಾಯ ಅದನ್ನು ರಾಯಪ್ಪಣ್ಣನಿಗೆ ಎರಡು ಸಲ ಓದಿ ಹೇಳಿದ.

“ಯಾವತ್ತು ಬರ್ತಾರಂತೆ?”

“ಸೋಮವಾರ ಬಿಟ್ಟು ಸೋಮವಾರ. ಹನ್ನೊಂದು ದಿನ ಅಣ್ಣ.”

ರಾಯಪ್ಪಣ್ಣ ಬೆರಳ ಗೆಣ್ಣು ಎಣಿಸಿದರು. ಆಮೇಲೆ ತಮ್ಮ ಕಾಲು ನೋಡಿಕೊಂಡರು.

“ಸ್ವಲ್ಪ ಜಾಸ್ತಿ ಆಯ್ತು,” ಎಂದರು.

ಏಳನೆಯ ದಿನ, ಗುರುವಾರ, ಅವರಿಗೆ ಉಸಿರು ಎಳೆಯತೊಡಗಿತು. ಮಧ್ಯಾಹ್ನದ ಮೇಲೆ ಊರಿನ ಪಾದ್ರಿಗಳು ಬಂದು ಹಣೆಗೆ, ಕೈಗೆ ಎಣ್ಣೆ ಹಚ್ಚಿ ಪ್ರಾರ್ಥನೆ ಮಾಡಿದರು. ಸಾಯುವವರಿಗೆ ಮಾಡುವ ಪ್ರಾರ್ಥನೆ ಅದು. ಪರಮಪ್ರಸಾದವನ್ನೂ ಕೊಟ್ಟರು. ಕೊನೆಗೆ ಹೊರಟರು. ದೊಡ್ಡಣ್ಣ ಅವರನ್ನು ರಸ್ತೆಯ ತನಕ ಬಿಡಲು ಹೋದರು.

ದೀಪ ಹಚ್ಚುವ ಹೊತ್ತಾಗಿತ್ತು. ನಾನು ಒಲೆಯ ಮುಂದೆ ಗಂಜಿ ಕಾಯಿಸುತ್ತಿದ್ದೆ. ಅಡುಗೆ ಮನೆಯಿಂದ ಜಗಲಿ ಕಾಣುತ್ತದೆ.

“ಸಗಾಯ, ನನಗೆ ಒಂದೇ ಬೇಜಾರು,” ಎಂದರು ರಾಯಪ್ಪಣ್ಣ. “ಸಾಯೋದಕ್ಕಲ್ಲ. ಆ ದೀಪ ಉರಿಯೋದನ್ನು ಒಂದು ಸಲ ನೋಡಬೇಕಿತ್ತು.”

 ಸಗಾಯ ಎದ್ದು ನನ್ನ ಒಲೆಯ ಬಳಿ ಇದ್ದ ಬೆಂಕಿಪೊಟ್ಟಣ ತೆಗೆದುಕೊಂಡು ಹೋದ. ಯಾಕೆಂದು ನಾನು ಕೇಳಲಿಲ್ಲ. ಕೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಇದರಲ್ಲಿ ನನ್ನ ತಪ್ಪೂ ಇದೆ ಎಂದು ಹೇಳಲು ಇದನ್ನು ಬರೆದಿದ್ದೇನೆ.

ಕೋಣೆ ಕೆಂಪಾಯಿತು.

“ಏನೋ ಅದು?” ರಾಯಪ್ಪಣ್ಣ ತಲೆ ಎತ್ತಿದರು.

“ಪತ್ರ ಬಂತಣ್ಣ. ಪಾದ್ರಿಗಳೇ ತಂದುಕೊಟ್ಟರು. ಪರಮಪ್ರಸಾದ ಪೆಟ್ಟಿಗೆಯಲ್ಲಿಟ್ಟು ಹೋದರು.”

ರಾಯಪ್ಪಣ್ಣ ಅವನ ಮುಖವನ್ನೇ ತುಂಬ ಹೊತ್ತು ನೋಡಿದರು.

“ಹೌದಾ?”

“ಹೌದಣ್ಣ.”

“ಹಾಗಾದ್ರೆ ನನ್ನ ಎತ್ತು. ಮಲಗಿಕೊಂಡು ನೋಡೋದಲ್ಲ ಅದು.”

ಸಗಾಯ ಅವರನ್ನು ಮಗುವಿನ ಹಾಗೆ ಎತ್ತಿಕೊಂಡು ಹೋಗಿ ಪೆಟ್ಟಿಗೆಯ ಮುಂದೆ ಮೊಣಕಾಲೂರಿಸಿ ಹಿಂದಿನಿಂದ ಹಿಡಿದುಕೊಂಡ. ಇಬ್ಬರೂ ಅಳುತ್ತಿದ್ದರು. ನಾನೂ ಅತ್ತೆ. ಗಂಜಿ ತಳ ಹಿಡಿಯಿತು.

ಅದೇ ಹೊತ್ತಿಗೆ ಹಾಲಿನ ಲೂರ್ದಮ್ಮ ಹಾಲು ಕೊಡಲು ಬಂದಳು. ಕೆಂಪು ದೀಪ ನೋಡಿದಳು. ಕ್ಯಾನು ಕೆಳಗಿಟ್ಟು ಅಂಗಳದಲ್ಲೇ ಮೊಣಕಾಲೂರಿ ಶಿಲುಬೆಯ ಗುರುತು ಹಾಕಿಕೊಂಡಳು. ಯಾರನ್ನೂ ಏನೂ ಕೇಳದೆ ಖುಷಿಯಿಂದ ಊರಿನ ಕಡೆ ಓಡಿದಳು.

ದೊಡ್ಡಣ್ಣ ವಾಪಸು ಬಂದರು. ಬಾಗಿಲಲ್ಲಿ ನಿಂತರು.

“ಯಾರು ಹಚ್ಚಿದ್ದು?”

“ನಾನು,” ಎಂದ ಸಗಾಯ. ಆಮೇಲೆ ಸಣ್ಣ ದನಿಯಲ್ಲಿ, “ಅಣ್ಣನ ಮುಖ ನೋಡಿ ದೊಡ್ಡಣ್ಣ. ನಿಮ್ಮ ದಮ್ಮಯ್ಯ, ಸುಮ್ಮನಿರಿ,” ಎಂದ.

ದೊಡ್ಡಣ್ಣ ರಾಯಪ್ಪಣ್ಣನ ಪಕ್ಕದಲ್ಲಿ ನೆಲದ ಮೇಲೆ ಕೂತರು. ಅವರ ಕೈ ಹಿಡಿದುಕೊಂಡರು.

“ರಾಯಪ್ಪ. ಪತ್ರ ಬಂದಿಲ್ಲ. ಪೆಟ್ಟಿಗೆ ಖಾಲಿ.”

ನನಗೆ ಆಗ ಬಂದ ಕೋಪ ಹೇಳಲಾರೆ. ಸಾಯುವವನಿಗೆ ಅಷ್ಟೂ ಬಿಡಬಾರದೇ ಎನ್ನಿಸಿತು.

ರಾಯಪ್ಪಣ್ಣ ಉಸಿರು ಹಿಡಿದು ಹಿಡಿದು ಮಾತಾಡಿದರು.

“ಗೊತ್ತು ಇನ್ನಾಸಿ. ಪತ್ರ ಬಂದಿದ್ರೆ ನೀನು ನನಗೆ ಹೇಳದೆ ಪಾದ್ರಿಗಳನ್ನ ಬಿಡೋಕೆ ಹೋಗ್ತಿದ್ದೆಯಾ?”

“ಮತ್ತೆ ಯಾಕೆ ಎದ್ದು ಬಂದೆ?”

“ಇವನು ಅಷ್ಟು ಆಸೆಯಿಂದ ಹಚ್ಚಿದ್ದ. ಬೇಡ ಅನ್ನೋಕೆ ಬಾಯಿ ಬರಲಿಲ್ಲ.”



“ಆರಿಸಿಬಿಡು,” ಎಂದರು ರಾಯಪ್ಪಣ್ಣ. “ಕಣ್ಣು ಚುಚ್ಚುತ್ತೆ.”

ದೊಡ್ಡಣ್ಣ ಆರಿಸಿದರು.

ಬೆಳಗಿನ ಪ್ರಾರ್ಥನೆ ಮುಗಿಯುವ ಹೊತ್ತಿಗೆ ರಾಯಪ್ಪಣ್ಣ ಹೋಗಿದ್ದರು. ಅದುಮಿದ ಗುಳಿ ಕಾಲಿನಲ್ಲಿ ಹಾಗೆಯೇ ಇತ್ತು. ಸಗಾಯನ ಬೆರಳಿನದು.

ಮಣ್ಣಿಗೆ ಜನ ಬಂದರು. ನಾವು ಎಣಿಸಿದ್ದಕ್ಕಿಂತ ಬಹಳ ಹೆಚ್ಚು. ಬಂದವರು ಹೆಣದ ಕಡೆಗೆ ಹೋಗಲಿಲ್ಲ. ಕೈಯಲ್ಲಿ ಮೇಣದ ಬತ್ತಿ ಹಿಡಿದು ಪ್ರಾರ್ಥನೆಯ ಕೋಣೆಯ ಮುಂದೆ ಸಾಲಾಗಿ ಮೊಣಕಾಲೂರಿದರು. ಲೂರ್ದಮ್ಮ ಇಡೀ ಊರಿಗೆ ಹೇಳಿದ್ದಳು. ಟೀ ಅಂಗಡಿಯವನು ಕೆಟಲಿನಲ್ಲಿ ಟೀ ತುಂಬಿಸಿಕೊಂಡು ಬಂದಿದ್ದ.

“ಸ್ವಾಮಿ, ಕುಡೀತೀನಿ ಅಂದಿದ್ರಲ್ಲ. ನಾನೇ ತಂದೆ.”

ದೊಡ್ಡಣ್ಣ ಅವನಿಗೆ ಕೈ ಮುಗಿದರು. ಪೆಟ್ಟಿಗೆಯ ಹತ್ತಿರ ಹೋಗಿ ಎಲ್ಲರ ಎದುರು ಬಾಗಿಲನ್ನು ಪೂರ್ತಿ ತೆರೆದರು.

“ಇಲ್ಲಿ ಯಾರೂ ಇಲ್ಲ. ಎದ್ದೇಳಿ.”

ಒಬ್ಬೊಬ್ಬರೇ ಎದ್ದರು. ಕೆಲವರು ಬತ್ತಿ ಆರಿಸಿ ಜೇಬಿಗಿಟ್ಟುಕೊಂಡರು. “ದೇವರ ಹೆಸರಲ್ಲೂ ಮೋಸ,” ಎಂದು ಯಾರೋ ಅಂದರು. ಲೂರ್ದಮ್ಮ ಮುಖಕ್ಕೆ ಸೆರಗು ಹಾಕಿಕೊಂಡು ಹೋದಳು. ಆಮೇಲೆ ಆರು ತಿಂಗಳು ನಮಗೆ ಹಾಲು ಹಾಕಲಿಲ್ಲ. ಟೀ ಅಂಗಡಿಯವನು ಕೆಟಲನ್ನು ಹಾಗೇ ವಾಪಸು ತೆಗೆದುಕೊಂಡು ಹೋದ.

ಊರಿನ ದೇವಾಲಯದಲ್ಲಿ ಪಾದ್ರಿಗಳು ಸಾವಿನ ಪುಸ್ತಕ ತೆರೆದರು. ಹೆಸರು, ತಂದೆಯ ಹೆಸರು, ವಯಸ್ಸು ಬರೆದರು.

“ಉದ್ಯೋಗ?”

“ಬ್ರದರ್ ಅಂತ ಬರೀರಿ ಫಾದರ್,” ಎಂದ ಸಗಾಯ.

“ಪತ್ರ ಬಂದಿಲ್ಲ,” ಎಂದರು ದೊಡ್ಡಣ್ಣ. “ಕೂಲಿ ಅಂತ ಬರೀರಿ. ಮೊದಲು ಅದನ್ನೇ ಮಾಡ್ತಿದ್ದ.”

ಕೂಲಿ ಎಂದು ಬರೆದರು.

ಸೋಮವಾರ ಬಿಷಪ್ಪರ ಮನೆಯ ಫಾದರ್ ಬಂದರು. ಕೆಟ್ಟವರಲ್ಲ. ಬಿಸಿಲಲ್ಲಿ ನಡೆದು ಬಂದಿದ್ದರು. ನಾನು ಕೊಟ್ಟ ಮಜ್ಜಿಗೆ ಕುಡಿದು ಚೆನ್ನಾಗಿದೆ ಎಂದರು. ಆದರೆ ಸುದ್ದಿ ಅವರು ಹೊರಡುವ ಮೊದಲೇ ಬಿಷಪ್ಪರ ಮನೆಗೆ ಮುಟ್ಟಿತ್ತು.

“ಅನುಮತಿ ಇಲ್ಲದೆ ಪರಮಪ್ರಸಾದ ಇಟ್ಟುಕೊಂಡಿದ್ದೀರಂತೆ.”

“ಇಟ್ಟಿಲ್ಲ ಫಾದರ್. ದೀಪ ಮಾತ್ರ ಹಚ್ಚಿದೆವು.”

“ಅದು ಇನ್ನೂ ದೊಡ್ಡ ತಪ್ಪಲ್ಲವೇ? ಜನ ಬರಿಯ ಮರಕ್ಕೆ ಮೊಣಕಾಲೂರಿದರಲ್ಲ.”

“ತಪ್ಪು.”

“ಯಾರು ಹಚ್ಚಿದ್ದು?”

ಸಗಾಯ ಬಾಯಿ ತೆರೆದ. ದೊಡ್ಡಣ್ಣ ಅವನಿಗಿಂತ ಮೊದಲು ಹೇಳಿದರು.

“ಈ ಮನೆ.”

“ಯಾಕೆ?”

“ಕಾಯೋಕೆ ಆಗಲಿಲ್ಲ.”

 ಫಾದರ್ ಆ ಎರಡು ಪದಗಳನ್ನೇ ಬರೆದುಕೊಂಡರು.

ಮೂರು ತಿಂಗಳಿಗೆ ಉತ್ತರ ಬಂತು. ಅರ್ಜಿಯನ್ನು ಹಿಂತಿರುಗಿಸಲಾಗಿದೆ. ಏಳು ವರ್ಷದ ನಂತರ ಹೊಸದಾಗಿ ಹಾಕಬಹುದು. ಉತ್ತರ ಬಂದಾಗಲೇ ದೊಡ್ಡಣ್ಣನಿಗೆ ಎಪ್ಪತ್ತೆರಡು. ಲೆಕ್ಕ ನೀವೇ ಹಾಕಿಕೊಳ್ಳಿ. ನಾನು ಹಾಕುವುದಿಲ್ಲ.

ಆ ದಿನ ಮಧ್ಯಾಹ್ನ ದೊಡ್ಡಣ್ಣ ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು. ಸಗಾಯ ಚೀಲ ಕಟ್ಟಿಕೊಂಡು ಬಂದ. ನಾನು ಅಲ್ಲಿಯೇ ಪಾತ್ರೆ ತೊಳೆಯುತ್ತಿದ್ದೆ, ಆದ್ದರಿಂದ ಕೇಳಿಸಿತು. ಕದ್ದು ಕೇಳಿದ್ದಲ್ಲ.

“ಹೋಗ್ತೀನಿ ದೊಡ್ಡಣ್ಣ.”

“ಊಟ ಮಾಡ್ಕೊಂಡು ಹೋಗು.”

“ಹದಿಮೂರು ವರ್ಷದ್ದನ್ನ ಒಂದು ಬೆಂಕಿಕಡ್ಡಿಯಲ್ಲಿ ಸುಟ್ಟೆ. ಒಂದು ಮಾತು ಬೈಯಲಿಲ್ಲ ನೀವು. ಬೈದುಬಿಡಿ.”

“ಬೈದರೆ ನಿನಗೆ ಹಗುರ ಆಗುತ್ತೆ.”

ಸಗಾಯ ನಿಂತೇ ಇದ್ದ. ಅವನಿಗೂ ಕೋಪ ಇತ್ತು.

“ಒಂದು ಕೇಳ್ತೀನಿ. ನಾನು ದೀಪ ಹಚ್ಚಿದ್ದು ಸುಳ್ಳು. ಒಪ್ಪಿದೆ. ಖಾಲಿ ಪೆಟ್ಟಿಗೆ ಒರೆಸೋದು, ಹಚ್ಚದೇ ಇರೋ ದೀಪಕ್ಕೆ ಎಣ್ಣೆ ಹಾಕೋದು, ಅದು ಸುಳ್ಳಲ್ವಾ? ಹದಿಮೂರು ವರ್ಷ ನೀವೂ ನಾಟಕವನ್ನೇ ಆಡಿಸಿದ್ದು ತಾನೆ?”

ದೊಡ್ಡಣ್ಣ ಎದ್ದರು. “ಊಟಕ್ಕೆ ಬಾ,” ಎಂದರು.

ಒಳಗೆ ಅವರೇ ಎಲೆ ಹಾಸಿದರು. ನೀರು ಚಿಮುಕಿಸಿದರು. ಸಗಾಯನನ್ನು ಕೂರಿಸಿದರು. ನಾನು ಅನ್ನದ ತಪ್ಪಲೆ ತಂದು ಬಡಿಸಲು ಬಗ್ಗಿದೆ. ದೊಡ್ಡಣ್ಣ ಬೇಡ ಎಂದು ಕೈ ಅಡ್ಡ ಹಿಡಿದರು.

ಸಗಾಯ ಬೆಳಗಿನಿಂದ ಏನೂ ತಿಂದಿರಲಿಲ್ಲ. ಖಾಲಿ ಎಲೆಯ ಮುಂದೆ ಕೂತ. ಹುಳಿಯ ವಾಸನೆ ಮನೆ ತುಂಬ ಇತ್ತು. ಬಹಳ ಹೊತ್ತಾಯಿತು. ಅನ್ನ ಆರುತ್ತಿತ್ತು. ಹೇಳಲು ನನಗೆ ಧೈರ್ಯ ಬರಲಿಲ್ಲ.

ಆಮೇಲೆ ದೊಡ್ಡಣ್ಣ ಚೊಂಬು ತಂದರು. ಸಗಾಯನ ಬಲಗೈ ಹಿಡಿದು, ಊಟ ಮುಗಿದ ಮೇಲೆ ತೊಳೆಯುವ ಹಾಗೆ, ಎಲೆಯ ಮೇಲೆಯೇ ನೀರು ಹಾಕಿ ತೊಳೆಸಿದರು.

“ಊಟ ಆಯ್ತಾ?”

“ಇಲ್ಲ.”

“ಕೈ ತೊಳೆದೆಯಲ್ಲ.”

“ನೀವು ತೊಳೆಸಿದ್ರಿ.”

“ರಾಯಪ್ಪ ಹದಿಮೂರು ವರ್ಷ ಎಲೆ ಹಾಕ್ಕೊಂಡು ಕೂತಿದ್ದ,” ಎಂದರು ದೊಡ್ಡಣ್ಣ. “ನೀನು ಹೋಗಿ ಕೈ ತೊಳೆಸಿದೆ.”

 ಎಲೆಯ ಮೇಲೆ ನೀರು ನಿಂತಿತ್ತು. ಸಗಾಯ ಅದನ್ನು ನೋಡುತ್ತಲೇ ಕೇಳಿದ.

“ಎಲೆ ತೆಗೆದುಬಿಡಲಾ?”

“ಹಸಿವು ಹೋಯ್ತಾ?”

“ಇಲ್ಲ.”

“ಹಾಗಾದ್ರೆ ಇರಲಿ.”

ಇಲ್ಲಿಗೆ ಮುಗಿಸಬೇಕಿತ್ತು. ಆದರೆ ಕೆಲವರಿಗೆ ತಿಳಿಯದೇ ಹೋಗಬಹುದು, ಅದಕ್ಕೆ ಬಿಡಿಸಿ ಹೇಳುತ್ತೇನೆ.

ಎಲೆ ಎಂದರೆ ನಮ್ಮ ಪೆಟ್ಟಿಗೆ. ನೀರು ಎಂದರೆ ಸಗಾಯ ಹಚ್ಚಿದ ದೀಪ. ಹಸಿದವನು ಎಲೆ ಹಾಕಿಕೊಂಡು ಕೂತರೆ ಅದು ಯಾರಿಗೂ ಮಾಡಿದ ಮೋಸವಲ್ಲ. ಹಸಿವು ಎಂದರೆ ಪತ್ರದ ಆಸೆ ಎಂದು ನಾನೂ ಮೊದಲು ತಿಳಿದಿದ್ದೆ. ಅದು ಪೂರ್ತಿ ಸರಿಯಲ್ಲ.

ಅದಕ್ಕೆ ಮೊದಲು ಇನ್ನೊಂದು ಹೇಳಬೇಕು, ಮರೆತಿದ್ದೆ. ಸಗಾಯ ಹೋಗಲಿಲ್ಲ. ಚೀಲ ಬಿಚ್ಚಿ ಕತ್ತರಿ ಹುಡುಕಿಕೊಂಡು ಬತ್ತಿಯ ಹತ್ತಿರ ಹೋದ. ಇದೆಲ್ಲ ಆಗಿ ನಾಲ್ಕು ವರ್ಷವಾಯಿತು. ಹೊಸ ಅರ್ಜಿಗೆ ಇನ್ನೂ ಮೂರು ವರ್ಷ ಇದೆ. ಶನಿವಾರದ ಹಳೇ ಎಣ್ಣೆಯನ್ನು ಅವನು ಈಗ ದೊಡ್ಡಣ್ಣನ ಕಾಲಿಗೆ ತಿಕ್ಕುತ್ತಾನೆ. ಅವರ ಕಾಲೂ ಊದಿದೆ. ಒತ್ತಿದರೆ ಗುಳಿ ನಿಲ್ಲುತ್ತದೆ.

ಹಸಿವಿನ ವಿಷಯಕ್ಕೆ ಬಂದರೆ, ನನಗೆ ತಿಳಿದ ಮಟ್ಟಿಗೆ ಅದರಲ್ಲಿ ಎರಡು ಬಗೆ. ಮೊದಲನೆಯದು ತುಂಬಿದರೆ ಹೋಗುತ್ತದೆ. ಎರಡನೆಯದು ಯಾವುದೆಂದರೆ

ಒಳಗಿನಿಂದ ದೊಡ್ಡಣ್ಣ ಕರೆಯುತ್ತಿದ್ದಾರೆ.

“ಚೌರಪ್ಪ, ಎಣ್ಣೆ ಕಮಟಾಯ್ತು. ಹೊಸದು ತಗೊಂಡು ಬಾ.”